ಅಜ್ಜೀ, ನಗಬೇಡಿ

ಕಪ್ಪತಗುಡ್ಡದ ನೆತ್ತಿಯ ಮೇಲೆ ಮೋಡ ಬಂದು ಕೂತರೆ ಸಾಕು, ಮುಂಡರಗಿ ತಾಲ್ಲೂಕಿನ ರಸ್ತೆಗಳಲ್ಲಿ ಬೆಂಗಳೂರು ನಂಬರಿನ ಕಾರುಗಳು ಮೊಳೆಯುತ್ತವೆ. ಆ ಮೋಡ ಹನಿಯುತ್ತದೋ ಹಾಗೇ ಹಾರಿಹೋಗುತ್ತದೋ ಎಂಬ ಚಿಂತೆ ನಮ್ಮ ರೈತನಿಗೆ. ಕಾರಿನವರಿಗೆ ಅದಿಲ್ಲ. ಮಳೆ ಬಂದರೆ ‘ಮೂಡು’, ಬರದಿದ್ದರೆ ‘ಡ್ರಾಮಾ’. ಬರಗಾಲ ಬಿದ್ದರಂತೂ ಕೇಳಲೇಬೇಡಿ. ಬಿರುಕು ಬಿಟ್ಟ ಕೆರೆಯಂಗಳದಲ್ಲಿ ಖಾಲಿ ಕೊಡ ಹೊತ್ತ ಹೆಂಗಸೊಬ್ಬಳು ಸಿಕ್ಕಿಬಿಟ್ಟರೆ ವರ್ಷದ ಬೆಳೆ ಕೈಗೆ ಬಂದ ಹಾಗೆ. ಮುಂಗಾರಿ ಹಿಂಗಾರಿ ಎರಡೂ ಕೈಕೊಟ್ಟರೂ ಲುಕ್ಸಾನಾಗದ ಒಕ್ಕಲುತನ ಈ ಭಾಗದಲ್ಲಿ ಇದೊಂದೇ.

ಇವರನ್ನು ಪ್ರವಾಸಿಗರು ಎಂದುಬಿಟ್ಟೀರಿ, ಸಿಟ್ಟಾಗುತ್ತಾರೆ. ಇವರು ಟ್ರಾವೆಲ್ ಫೋಟೋಗ್ರಾಫರು. ಪ್ರವಾಸಿ ಬಂದವನು ಡಂಬಳದ ದೊಡ್ಡಬಸಪ್ಪನ ಗುಡಿ ಮುಂದೆ ನಿಂತು ತನ್ನ ಫೋಟೋ ತೆಗೆದುಕೊಂಡು, ಮಿರ್ಚಿ ತಿಂದು, ಮನೆಗೆ ಹೋಗುತ್ತಾನೆ. ಇವರು ನಮ್ಮ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೈತುಂಬ ಜೇಬಿರುವ ಕೋಟು, ಕೊರಳಿಗೆ ಎರಡು ಕ್ಯಾಮೆರಾ, ಕಾರಿನ ಡಿಕ್ಕಿಯಲ್ಲಿ ಡ್ರೋನು. ಮುಂಡರಗಿಗೆ ರೈಲು ಬರಲಿ ಎಂದು ಊರವರು ಅರ್ಜಿ ಕೊಡುತ್ತಲೇ ಇದ್ದಾರೆ. ಇವರು ಮಾತ್ರ ಅರ್ಜಿ ಇಲ್ಲದೆ ಬರುತ್ತಾರೆ.

ಬರುವುದು ಸಂಸ್ಕೃತಿ ಹುಡುಕಿಕೊಂಡು. ಸಂಸ್ಕೃತಿ ಎಲ್ಲಿರುತ್ತದೆ ಎಂಬುದರ ಬಗ್ಗೆ ಇವರಿಗೆ ಯಾವ ಗೊಂದಲವೂ ಇಲ್ಲ: ಸುಕ್ಕಿನಲ್ಲಿ. ಮುಖದ ಮೇಲೆ ಸುಕ್ಕು ಎಷ್ಟೋ ಸಂಸ್ಕೃತಿ ಅಷ್ಟು. ಹಲ್ಲು ಉದುರಿದ್ದರೆ ಹೆಚ್ಚುವರಿ ಅಂಕ, ಬಾಯಲ್ಲಿ ಬೀಡಿ ಇದ್ದರೆ ಚಿನ್ನದ ಪದಕ. ನಲವತ್ತು ವರ್ಷದ ಗ್ರಾಮ ಪಂಚಾಯ್ತಿ ಸದಸ್ಯೆಯನ್ನು ಇವರ ಕ್ಯಾಮೆರಾ ಕಣ್ಣೆತ್ತಿಯೂ ನೋಡುವುದಿಲ್ಲ. ಡಿಗ್ರಿ ಮುಗಿಸಿ ಗದಗ ಬಸ್ಸಿಗೆ ಕಾಯುತ್ತ ನಿಂತ ಅವಳ ಮಗಳ ಗತಿಯೂ ಅದೇ. ಸದಸ್ಯೆಯ ಅತ್ತೆ, ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತವಳು, ಏಕಾಏಕಿ ಭಾರತೀಯ ಸಂಸ್ಕೃತಿಯಾಗಿಬಿಡುತ್ತಾಳೆ. ಒಂದೇ ಮನೆಯಲ್ಲಿ ಮೂರು ತಲೆಮಾರು ಇದ್ದರೂ ಸಂಸ್ಕೃತಿಗೆ ಹೊರಗಿನ ಕಟ್ಟೆಯ ಮೇಲೆ ಮಾತ್ರ ಜಾಗ.

ಅಜ್ಜಿ ಸಿಕ್ಕ ಮೇಲೆ ಮೊದಲ ಕೆಲಸ ಮನೆ ಖಾಲಿ ಮಾಡಿಸುವುದು. ಪ್ಲಾಸ್ಟಿಕ್ ಕುರ್ಚಿ ಆಚೆ. ನೀಲಿ ಕೊಡ ಆಚೆ. ಬಾಗಿಲಲ್ಲಿ ಕಾಣುವ ಗ್ಯಾಸ್ ಸಿಲಿಂಡರ್ ಆಚೆ. ಗೃಹಲಕ್ಷ್ಮಿ ದುಡ್ಡು ತಿಂಗಳು ತಿಂಗಳು ಕೂಡಿಟ್ಟು ತಂದ ಫ್ರಿಜ್ಜಿಗೆ ಒಂದು ಕೌದಿ ಹೊದಿಸಬೇಕು. ಅಜ್ಜಿಯ ಕೈಯಲ್ಲಿದ್ದ ಮೊಬೈಲನ್ನು ಮೊಮ್ಮಗನಿಗೆ ಕೊಡಿಸಿ, ಆ ಮೊಮ್ಮಗನನ್ನೂ ಆಚೆ ಕಳಿಸುತ್ತಾರೆ, ಅವನ ಅಂಗಿಯ ಮೇಲೆ ಇಂಗ್ಲಿಷ್ ಅಕ್ಷರ ಇವೆಯಲ್ಲ. ಬೆವರು ಸುರಿಸಿ ಈ ಮನೆ ಗಳಿಸಿದ್ದೆಲ್ಲ ಅಂಗಳದ ಮೂಲೆಯಲ್ಲಿ ಗುಡ್ಡೆಯಾದ ಮೇಲೆ ಉಳಿದ ಅಜ್ಜಿ, ಮಣ್ಣಿನ ಗೋಡೆ, ಕಿಟಕಿಯಿಂದ ಬೀಳುವ ಒಂದು ಕೋಲು ಬಿಸಿಲು, ಇಷ್ಟರ ಫೋಟೋಕ್ಕೆ ‘ಕಾಲ ನಿಂತುಹೋದ ಹಳ್ಳಿ’ ಎಂದು ಅಡಿಬರಹ. ಕಾಲ ನಿಂತಿರಲಿಲ್ಲ ಸ್ವಾಮಿ, ಕೌದಿ ಕೆಳಗೆ ಕೂಡಿಹಾಕಿದ್ದಿರಿ.

ಅಷ್ಟರಲ್ಲಿ ಅಜ್ಜಿ ನಗುತ್ತಾಳೆ. ನಗದೆ ಏನು ಮಾಡುತ್ತಾಳೆ? ಮನೆಗೆ ಇಷ್ಟು ಮಂದಿ ಬಂದಿದ್ದಾರೆ, ಒಬ್ಬ ನೆಲದ ಮೇಲೆ ಬೋರಲು ಮಲಗಿದ್ದಾನೆ, ಇನ್ನೊಬ್ಬ ಬೆಳ್ಳಿ ಬಣ್ಣದ ಹಾಳೆ ಹಿಡಿದು ಮುಖಕ್ಕೆ ಬಿಸಿಲು ಬಿಡುತ್ತಿದ್ದಾನೆ. “ಅಜ್ಜೀ, ನಗಬೇಡಿ” ಎನ್ನುತ್ತಾರೆ. “ಆ ಕಡೆ ನೋಡಿ. ಏನೋ ಕಳಕೊಂಡೋರ ಥರಾ ನೋಡಿ.” ಅಜ್ಜಿ ಫ್ರಿಜ್ಜಿನ ಕಡೆ ನೋಡುತ್ತಾಳೆ. ಆ ನೋಟಕ್ಕೆ ಯಾವುದೋ ದೇಶದಲ್ಲಿ ಬಹುಮಾನ ಬರುತ್ತದೆ.

ಕಳೆದ ಸುಗ್ಗಿಯಲ್ಲಿ ಡಂಬಳದ ಕಡೆಯ ಹೊಲವೊಂದರಲ್ಲಿ ನಾನೇ ನಿಂತು ನೋಡಿದ್ದನ್ನು ಹೇಳಿಬಿಡುತ್ತೇನೆ. ಕಡಲೆ ರಾಶಿ ಆಗಿಹೋಗಿತ್ತು. ಹಂತಿ ಕಟ್ಟಿ, ಎತ್ತು ತಿರುಗಿಸಿ, ರಾತ್ರಿಯೆಲ್ಲ ಹಾಡು ಹೇಳಿ ರಾಶಿ ಮಾಡುವುದು ನಮ್ಮಲ್ಲಿ ಈಗ ಎಲ್ಲಿದೆ? ಮಷಿನ್ ಬಂದು ಒಂದು ತಾಸಿನಲ್ಲಿ ಮುಗಿಸಿ ಹೋಗಿತ್ತು. ಉಳಿದ ಚೂರುಪಾರು ಕಾಳನ್ನು ಯಜಮಾನರು ಡಾಂಬರು ರಸ್ತೆಯ ಅಂಚಿಗೆ ಹರವಿದ್ದರು. ಅದೇ ಹೊತ್ತಿಗೆ ಫೋಟೋ ಟೂರಿನ ವ್ಯಾನು ಬಂತು. ಟೂರಿನ ಮುಖ್ಯಸ್ಥರಿಗೆ ‘ತೂರುವ ದೃಶ್ಯ’ ಬೇಕಿತ್ತು. ಯಜಮಾನರ ಮೈಮೇಲೆ ಇದ್ದದ್ದು ಪ್ಯಾಂಟು ಮತ್ತು ಮಗನ ಕಂಪನಿಯ ಟೀಶರ್ಟು.

“ಯಜಮಾನ್ರೇ, ಮನೇಲಿ ಪಂಚೆ ಇದೆಯಾ?”

“ಧೋತ್ರ ಐತ್ರಿ. ಮದುವಿ ಮುಂಜಿವಿಗೆ ಉಡಾಕ ಇಟ್ಟೇನಿ.”

“ಸ್ವಲ್ಪ ಹಳೇದಿದ್ರೆ ಚೆನ್ನಾಗಿರ್ತಿತ್ತು.”

“ಹಳೇದು ಟ್ರ್ಯಾಕ್ಟರ್ ಒರಸಾಕ ಇಟ್ಟೇವ್ರಿ.”

“ಅದೇ ಕೊಡಿ.”

ಟ್ರ್ಯಾಕ್ಟರ್ ಒರೆಸುವ ಧೋತ್ರ ಉಟ್ಟು, ಪಕ್ಕದ ಮನೆಯ ಅಜ್ಜನ ರುಮಾಲು ಸುತ್ತಿಕೊಂಡು, ಯಜಮಾನರು ಎತ್ತರದ ಸ್ಟೂಲು ಹತ್ತಿ ಮೊರ ಎತ್ತಿ ಹಿಡಿದರು. ಗಾಳಿಯೇ ಇಲ್ಲ. ಎದುರಿಗೆ ಗುಡ್ಡದ ಸಾಲಿನ ಮೇಲೆ ಇಷ್ಟುದ್ದ ಗಾಳಿಯಂತ್ರಗಳು ನಿಂತಿವೆ, ಒಂದರ ರೆಕ್ಕೆಯೂ ಅಲ್ಲಾಡುತ್ತಿಲ್ಲ. (ಅವೂ ಫ್ರೇಮಿಗೆ ಬರದ ಹಾಗೆ ಕೋನ ಬದಲಾಯಿಸಿದ್ದರೆನ್ನಿ.) ಕಾಳು ಮೊದಲೇ ಹಸನಾಗಿದ್ದರಿಂದ ಹೊಟ್ಟು ಹಾರುವ ಮಾತೇ ಇಲ್ಲ. ವ್ಯಾನಿನ ಡ್ರೈವರು ಒಂದು ಬುಟ್ಟಿ ಹೊಟ್ಟು ಹಿಡಿದು ಹಿಂದೆ ನಿಂತ. ಅದೂ ಸಾಲದು ಎಂದು ಒಬ್ಬರು ಚೀಲದಿಂದ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತೆಗೆದರು. ಒನ್, ಟೂ, ಥ್ರೀ ಎಂದಾಗ ಯಜಮಾನರು ಕಾಳು ಸುರಿಯಬೇಕು, ಡ್ರೈವರು ಹೊಟ್ಟು ಎರಚಬೇಕು, ಪೌಡರು ಚಿಮ್ಮಬೇಕು, ಸೂರ್ಯ ಇವೆಲ್ಲದರ ಹಿಂದೆ ಇರಬೇಕು. ನಾಲ್ಕರಲ್ಲಿ ಹೇಳಿದ ಹಾಗೆ ಕೇಳಿದವನು ಸೂರ್ಯ ಒಬ್ಬನೇ. “ಇನ್ನೊಂದ್ಸಲ” ಎಂದರು. ಮತ್ತೆ “ಲಾಸ್ಟ್ ಒಂದ್ಸಲ” ಎಂದರು. ಆಮೇಲೆ “ನಿಜವಾಗ್ಲೂ ಲಾಸ್ಟು” ಎಂದರು. ಮನೆಯಾಕೆ ಚಹಾದ ತಟ್ಟೆ ಹಿಡಿದು ಬಂದವರು ತಡೆಯಲಾರದೆ ಹೇಳಿದರು: “ಸಾಕ್ ಬಿಡ್ರೀ ಯಪ್ಪಾ, ಇನ್ನೊಂದ್ಸಲ ತೂರಿದ್ರ ಕಡ್ಲಿ ಹೋಗಿ ಬ್ಯಾಳಿ ಆಕ್ಕತಿ.”

ಮಲ್ಲಿಗೆ ವಾಸನೆಯ ಕಡಲೆಯನ್ನು ಮರುದಿನ ಯಜಮಾನರು ಎಪಿಎಂಸಿಗೆ ಒಯ್ದರು.

ಇಲ್ಲಿ ಒಂದು ತಮಾಷೆ ಇದೆ. ಇಂಥ ಫೋಟೋಗಳು ಹೋಗಿ ಸೇರುವುದು ಅಂತಾರಾಷ್ಟ್ರೀಯ ಸಲೋನ್‌ಗಳಿಗೆ. ಕ್ಷೌರದಂಗಡಿ ಅಲ್ಲ, ಫೋಟೋ ಸ್ಪರ್ಧೆ. ಅಲ್ಲಿ ‘ಫೋಟೋ ಟ್ರಾವೆಲ್’ ಎಂಬ ವಿಭಾಗವೇ ಇದೆ, ಅದಕ್ಕೆ ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕದವರು ಮಾಡಿಟ್ಟ ನಿಯಮವಿದೆ. ಚಿತ್ರ ಒಂದು ನಾಡಿನ ಲಕ್ಷಣವನ್ನೋ ಸಂಸ್ಕೃತಿಯನ್ನೋ ಇದ್ದದ್ದು ಇದ್ದ ಹಾಗೆ ತೋರಿಸಬೇಕು. ಫೋಟೋಕ್ಕೆಂದೇ ಏರ್ಪಡಿಸಿದ ಕಾರ್ಯಕ್ರಮ, ಬಾಡಿಗೆಗೆ ಕರೆತಂದ ಜನ, ಹೀಗೆ ನಿಲ್ಲು ಹಾಗೆ ನೋಡು ಎಂದು ಹೇಳಿ ಮಾಡಿಸಿದ್ದು, ಇವು ಯಾವುವೂ ನಡೆಯುವುದಿಲ್ಲ. ಬಹಳ ಒಳ್ಳೆಯ ನಿಯಮ. ನಮ್ಮ ಫೋಟೋಗ್ರಾಫರು ಅದರಲ್ಲಿ ಒಂದು ಭಾಗವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಬಾಡಿಗೆ ಜನ ಕೂಡದು ಎಂದಿದೆಯಲ್ಲ, ಹಾಗಾಗಿ ಅಜ್ಜಿಗೆ ದುಡ್ಡು ಕೊಡುವುದಿಲ್ಲ. ಅದನ್ನು ಜಿಪುಣತನ ಎಂದು ತಿಳಿಯಬಾರದು, ನಿಯಮನಿಷ್ಠೆ.

ಇಷ್ಟು ಫೋಟೋ ಇಂತಿಷ್ಟು ದೇಶಗಳಲ್ಲಿ ಆಯ್ಕೆಯಾದರೆ ಹೆಸರಿನ ಮುಂದೆ ಅಕ್ಷರ ಸೇರುತ್ತವೆ. 1950ರಲ್ಲಿ ಹುಟ್ಟಿದ ಫಿಯಾಪ್ ಎಂಬ ಅಂತಾರಾಷ್ಟ್ರೀಯ ಒಕ್ಕೂಟ ಎಎಫ್‌ಐಎಪಿ ಕೊಡುತ್ತದೆ, ಆಮೇಲೆ ಇಎಫ್‌ಐಎಪಿ, ಅದರಾಚೆಗೆ ಅದರಲ್ಲೇ ಕಂಚು, ಬೆಳ್ಳಿ, ಬಂಗಾರ, ಪ್ಲಾಟಿನಂ, ವಜ್ರ. ಅಜ್ಜಿಯ ಮೈಮೇಲಿದ್ದ ಬೆಳ್ಳಿ ಮಗಳ ಮದುವೆಗೆ ಕರಗಿಹೋಯಿತು; ಅವಳ ಫೋಟೋ ತೆಗೆದವರು ಬೆಳ್ಳಿ ದಾಟಿ ಬಂಗಾರದ ಕಡೆ ನಡೆದಿದ್ದಾರೆ. ಅಜ್ಜಿಗೂ ಅಕ್ಷರ ಇಲ್ಲದಿಲ್ಲ. ಅವಳಿಗೆ ಬಿಪಿಎಲ್.

ನ್ಯಾಯವಾಗಿ ಹೇಳಬೇಕೆಂದರೆ ಇದೇ ಮಂದಿಗೆ ಮರ್ಯಾದೆಯಿಂದ ಫೋಟೋ ತೆಗೆಯಲು ಬರುವುದಿಲ್ಲ ಎಂದಲ್ಲ. ಚೆನ್ನಾಗಿ ಬರುತ್ತದೆ. ಅದನ್ನು ನೋಡಬೇಕೆಂದರೆ ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಬೇಕು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿ ಇದೇ ಜೇಬಿನ ಕೋಟಿನವರು ಉಸಿರು ಬಿಗಿಹಿಡಿದು ದೂರದಲ್ಲಿ ಕೂತಿರುತ್ತಾರೆ. ಜೋರಾಗಿ ಮಾತಾಡಿದವರನ್ನು ಕಣ್ಣಲ್ಲೇ ಸುಡುತ್ತಾರೆ. ಹಕ್ಕಿಗೆ ತೊಂದರೆಯಾಗಬಾರದು, ಗೂಡಿನ ಹತ್ತಿರ ಹೋಗಬಾರದು, ಮೊಟ್ಟೆ ಮರಿಗಳ ಫೋಟೋ ತೆಗೆಯುವುದು ಅನೈತಿಕ. ಹೆಬ್ಬಾತಿಗೆ ‘ಕತ್ತು ಸ್ವಲ್ಪ ಈ ಕಡೆ’ ಎಂದವರನ್ನು ನಾನಂತೂ ನೋಡಿಲ್ಲ. ಫೋಟೋ ಪ್ರಕಟಿಸುವಾಗ ಅದರ ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಅದಕ್ಕೂ ಕೆಳಗೆ ಓರೆ ಅಕ್ಷರದಲ್ಲಿ ಆನ್ಸರ್ ಇಂಡಿಕಸ್ ಎಂಬ ಲ್ಯಾಟಿನ್ ಹೆಸರು. ಒಂದು ಅಕ್ಷರ ತಪ್ಪಿದರೆ ತಜ್ಞರು ಮೇಲೆರಗುತ್ತಾರೆ. ಅಲ್ಲಿಂದ ಗಾಡಿ ತಿರುಗಿಸಿ ಮುಂಡರಗಿ ಕಡೆ ಬಂದರೆ ಸೀದಾ ಗೂಡಿನ ಒಳಗೇ ನುಗ್ಗುತ್ತಾರೆ; ಒಲೆಯ ಮುಂದೆ ಕೂತವಳ, ಬಾಗಿಲ ಮರೆಯಲ್ಲಿ ಕೂಸಿಗೆ ಹಾಲು ಕುಡಿಸುವವಳ ಫೋಟೋ ತೆಗೆಯುತ್ತಾರೆ. ಅಡಿಬರಹ: ‘ಗ್ರಾಮೀಣ ಮಹಿಳೆ’. ಟಿಬೆಟಿನಿಂದ ಬಂದ ಬಾತುಕೋಳಿಗೆ ಮೂರು ಹೆಸರು, ತಲೆಮಾರುಗಳಿಂದ ಇಲ್ಲೇ ಇದ್ದ ಹೆಂಗಸಿಗೆ ಒಂದೂ ಇಲ್ಲ.

ಹಾಗೆಂದು ಇದೇನು ಮೊಬೈಲು ಬಂದ ಮೇಲೆ ಹತ್ತಿದ ಚಾಳಿಯಲ್ಲ. ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದೇ ಸರ್ಕಾರಿ ಗಾಡಿಯಲ್ಲಿ. 1855ರಲ್ಲಿ ಬೊಂಬಾಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ಸರ್ಕಾರಿ ಫೋಟೋಗ್ರಾಫರ್ ಎಂದು ನೇಮಿಸಿ ಬಿಜಾಪುರ, ಬಾದಾಮಿ, ಐಹೊಳೆ ಕಡೆ ಅಟ್ಟಿತು. ಸ್ವಲ್ಪ ದಿನಕ್ಕೆ ತೋಪಿನ ಕೆಲಸಕ್ಕೆ ಅವನನ್ನು ವಾಪಸು ಕರೆಸಿಕೊಂಡು, ಆ ಜಾಗಕ್ಕೆ ಡಾಕ್ಟರ್ ಪಿಗೌ ಎಂಬುವನನ್ನು ಹಾಕಿದರು. ಧಾರವಾಡ ಜಿಲ್ಲೆಯ ಗುಡಿಗಳನ್ನೆಲ್ಲ ಸುತ್ತಿದ ಈ ಡಾಕ್ಟರು 1857ರ ಸುಮಾರಿಗೆ ಡಂಬಳದ ನಕ್ಷತ್ರಾಕಾರದ ಗುಡಿಯನ್ನೂ ಚಿತ್ರಕ್ಕೆ ಇಳಿಸಿದ. ಇವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಬಂದವು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಟಿಪ್ಪಣಿ ಬರೆದರು. ಆ ಕಾಲದ ಇಂಥ ಚಿತ್ರಗಳಲ್ಲಿ ಕಂಬದ ಪಕ್ಕ ಒಬ್ಬ ಊರಿನವನನ್ನು ಕೂರಿಸುವ ರೂಢಿ ಇತ್ತು. ಅವನ ಮೇಲಿನ ಪ್ರೀತಿಗಲ್ಲ, ಗುಡಿ ಎಷ್ಟು ಎತ್ತರ ಎಂದು ಲಂಡನ್ನಿನವರಿಗೆ ಗೊತ್ತಾಗಲಿ ಎಂದು. ಫೋಟೋದಲ್ಲಿ ನಮ್ಮವರಿಗೆ ಸಿಕ್ಕ ಮೊದಲ ಕೆಲಸ ಗಜಕಡ್ಡಿಯದು. ಈಗ ಬಡ್ತಿಯಾಗಿ ಸಂಸ್ಕೃತಿಯಾಗಿದ್ದೇವೆ.

ಡಾಕ್ಟರು ಚಿತ್ರ ತೆಗೆದ ಆಸುಪಾಸಿನಲ್ಲೇ, 1858ರಲ್ಲಿ, ಮುಂಡರಗಿ ಭೀಮರಾಯ ಕಂಪನಿ ಸರ್ಕಾರದ ಮೇಲೆ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಸತ್ತ. ಗುಡಿಯ ಕಲ್ಲು ಕಲ್ಲಿಗೂ ಕ್ಯಾಮೆರಾ ಹಿಡಿದ ಸರ್ಕಾರ ಅವನಿಗೆ ಹಿಡಿದದ್ದು ಬಂದೂಕು.

ಬಂಡಾಯ ಅಡಗಿಸಿದ ಮೇಲೆ ಸರ್ಕಾರಕ್ಕೆ ಜನರ ಮೇಲೂ ಆಸ್ಥೆ ಹುಟ್ಟಿತು. ಗವರ್ನರ್ ಜನರಲ್ ಕ್ಯಾನಿಂಗ್ ದಂಪತಿಗೆ ಊರಿಗೆ ಹೋಗುವಾಗ ನೆನಪಿಗೆ ಒಯ್ಯಲು ಇಲ್ಲಿನ ನಾನಾ ಜನರ ಫೋಟೋ ಬೇಕೆನಿಸಿತಂತೆ. ಆ ಆಸೆ ಬೆಳೆದು ಬೆಳೆದು ‘ದಿ ಪೀಪಲ್ ಆಫ್ ಇಂಡಿಯಾ’ ಆಯಿತು: 1868ರಿಂದ 1875ರವರೆಗೆ ಎಂಟು ಸಂಪುಟ, 450ಕ್ಕೂ ಹೆಚ್ಚು ಚಿತ್ರ, ಪ್ರತಿ ಜಾತಿಗೂ ಒಂದು ಫೋಟೋ, ಪ್ರತಿ ಫೋಟೋಕ್ಕೂ ಇವರು ನಂಬಿಕಸ್ಥರು, ಇವರು ಕಳ್ಳರು ಎಂಬ ಧಾಟಿಯ ಒಕ್ಕಣೆ. ಹೊಳೆ ಆಚೆಯ ಹಡಗಲಿ, ಬಳ್ಳಾರಿ ಸೀಮೆ ಆಗ ಮದ್ರಾಸಿಗೆ ಸೇರಿತ್ತು. ಆ ಕಡೆ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಸಾಹೇಬರು ಕ್ಯಾಮೆರಾದ ಜೊತೆಗೆ ಮೂಗು ಅಳೆಯುವ ಇಕ್ಕಳವನ್ನೂ ಹಿಡಿದು ತಿರುಗಿದರು. 1909ರಲ್ಲಿ ಬಂದ ಅವರ ಏಳು ಸಂಪುಟಗಳಲ್ಲಿ ಜಾತಿಗೊಂದು ಮೂಗಿನ ಲೆಕ್ಕ ಇದೆ. ಈಗಿನವರು ಮೂಗು ಅಳೆಯುವುದಿಲ್ಲ, ಮೂಗುತಿಗೆ ಫೋಕಸ್ ಮಾಡುತ್ತಾರೆ. ಅಷ್ಟು ಸುಧಾರಣೆ ಒಪ್ಪಿಕೊಳ್ಳಲೇಬೇಕು.

ಇವರೆಲ್ಲರ ಮನೆದೇವರು ಸ್ಟೀವ್ ಮೆಕರಿ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಅವರು ತೆಗೆದ ಹಸಿರು ಕಣ್ಣಿನ ಹುಡುಗಿಯ ಫೋಟೋ 1985ರ ಜೂನಿನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾಯಿತು. ಜಗತ್ತಿಗೆಲ್ಲ ಅವಳ ಕಣ್ಣು ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. 2002ರಲ್ಲಿ ಹುಡುಕಿಕೊಂಡು ಹೋದಾಗಲೇ ಅವಳು ಶರ್ಬತ್ ಗುಲಾ ಎಂದು ತಿಳಿದದ್ದು. 2016ರಲ್ಲಿ ಸುಳ್ಳು ಗುರುತಿನ ಚೀಟಿಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಅವಳನ್ನು ಬಂಧಿಸಿದರು. ಭೂಮಿಯ ಮೇಲೆ ಅತಿ ಹೆಚ್ಚು ಜನ ಗುರುತಿಸಬಲ್ಲ ಮುಖ, ಆದರೆ ಗುರುತಿನ ಚೀಟಿ ಇಲ್ಲ! ಅದೇ ವರ್ಷ ಮೆಕರಿಯವರ ಕೆಲವು ಫೋಟೋಗಳಲ್ಲಿ ಇದ್ದ ಮನುಷ್ಯರನ್ನೇ ಕಂಪ್ಯೂಟರಿನಲ್ಲಿ ಅಳಿಸಿದ್ದು ಬಯಲಾಯಿತು. ತಾನು ಸುದ್ದಿ ಫೋಟೋಗ್ರಾಫರ್ ಅಲ್ಲ, ಚಿತ್ರದಲ್ಲಿ ಕಥೆ ಹೇಳುವವನು ಎಂದರು ಅವರು. ನಮ್ಮ ಕಡಲೆ ರಾಶಿಯವರೂ ಕಥೆ ಹೇಳುವವರೇ. ಅವರು ಮುಂದಾಲೋಚನೆಯುಳ್ಳವರು, ಅಳಿಸಬೇಕಾದದ್ದನ್ನು ಮೊದಲೇ ಅಂಗಳಕ್ಕೆ ಸಾಗಿಸಿರುತ್ತಾರೆ.

ಈಗ ಗೋವಾಕ್ಕೆ ಬನ್ನಿ. ಗೋವಾ ಇಲ್ಲದೆ ಮುಂಡರಗಿಯ ಕಥೆ ಪೂರ್ತಿಯಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ತಾಂಡಾಗಳ, ಹಳ್ಳಿಗಳ ಅರ್ಧ ಮಂದಿ ದುಡಿಯಲು ಹೋಗುವುದು ಅಲ್ಲಿಗೆ, ಮಂಗಳೂರಿಗೆ, ಇಲ್ಲವೇ ಕಾಫಿ ಸೀಮೆಗೆ. ಆರು ದಿನ ಇಟ್ಟಿಗೆ ಹೊತ್ತು, ಏಳನೆಯ ದಿನ ಹೊಸ ಅಂಗಿ ತೊಟ್ಟು ಸಮುದ್ರ ನೋಡಲು ಹೋದ ನಮ್ಮ ಹುಡುಗ ಅಲ್ಲಿ ಏನು ನೋಡುತ್ತಾನೆ? ತನ್ನ ಜನ್ಮದಲ್ಲಿ ನೋಡಿರದ ಉಡುಪು, ನೋಡಿರದ ಮೈಬಣ್ಣ, ಬಿಸಿಲಿಗೆ ಬೇಕೆಂದೇ ಮೈಯೊಡ್ಡಿ ಮಲಗುವ ವಿಚಿತ್ರ ಆಚಾರ. ಟ್ರಾವೆಲ್ ಫೋಟೋಗ್ರಾಫರ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ‘ಜನ ಮತ್ತು ಸಂಸ್ಕೃತಿ’. ಅವನೂ ಮೊಬೈಲು ತೆಗೆದ. ಗದ್ದಲವಾಯಿತು. ಪತ್ರಿಕೆಗಳಲ್ಲಿ ಬಂತು. 2023ರ ಜನವರಿಯಲ್ಲಿ ಗೋವಾ ಪ್ರವಾಸೋದ್ಯಮ ಇಲಾಖೆ ಸೂಚನೆ ಹೊರಡಿಸಿತು: ಅಪರಿಚಿತರ ಫೋಟೋವನ್ನಾಗಲಿ ಅವರ ಜೊತೆ ಸೆಲ್ಫಿಯನ್ನಾಗಲಿ ಅವರ ಅನುಮತಿ ಇಲ್ಲದೆ ತೆಗೆಯಬಾರದು, ಅದರಲ್ಲೂ ಬಿಸಿಲು ಕಾಯಿಸುವಾಗ, ಈಜುವಾಗ; ಅವರ ಖಾಸಗಿತನಕ್ಕೆ ಬೆಲೆ ಕೊಡಬೇಕು.

ಸೂಚನೆ ನೂರಕ್ಕೆ ನೂರು ಸರಿ. ಕೇಳದೆ ಹೆಂಗಸಿನ ಫೋಟೋ ತೆಗೆಯುವುದು ತಪ್ಪೇ, ಹುಡುಗ ನಮ್ಮೂರಿನವನಾದರೂ ತಪ್ಪೇ. ನನ್ನ ತಕರಾರು ಇಷ್ಟು: ಆ ಸೂಚನೆಯ ಒಂದು ಪ್ರತಿಯನ್ನು ಗದಗ ಜಿಲ್ಲೆಗೂ ಯಾಕೆ ಕಳಿಸಬಾರದು? ಕಡಲ ದಂಡೆಯಲ್ಲಿ ಮಲಗಿದವರಿಗೆ ಖಾಸಗಿತನ ಇದೆ. ತುಂಗಭದ್ರೆಯ ದಂಡೆಗೆ ಸಿಂಗಟಾಲೂರು ವೀರಭದ್ರನ ದರ್ಶನಕ್ಕೆ ಬಂದು ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತವಳಿಗೆ ಇರುವುದು ಸಂಸ್ಕೃತಿ. ಮೊಬೈಲು ಹಿಡಿದ ಕೂಲಿ ಹುಡುಗನಿಗೆ ಪೊಲೀಸರು ಗದರುತ್ತಾರೆ. ಮೂರು ಲಕ್ಷದ ಕ್ಯಾಮೆರಾ ಹಿಡಿದವರಿಗೆ ತಹಶೀಲ್ದಾರರು ಚಹಾ ಹೇಳುತ್ತಾರೆ. ಲೆನ್ಸು ಉದ್ದವಾದಷ್ಟೂ ತಪ್ಪು ಚಿಕ್ಕದಾಗುತ್ತದೆ ಎಂಬುದು ದೃಗ್ವಿಜ್ಞಾನದಲ್ಲಿ ಇನ್ನೂ ಸೇರದ ನಿಯಮ.

ದೀಪಾವಳಿ ಬಂತೆಂದರೆ ಇವರಿಗೆಲ್ಲ ತಾಂಡಾದ ನೆನಪಾಗುತ್ತದೆ. ಲಂಬಾಣಿ ಸಮಾಜದಲ್ಲಿ ಅದು ದೊಡ್ಡ ಹಬ್ಬ. ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು, ತಾಂಡಾದ ನಾಯಕನ ಮನೆಯಿಂದ ಹಿಡಿದು ಪ್ರತಿ ಮನೆಗೂ ಹೋಗಿ, ಹಾಡಿ, ಆ ಮನೆಗೆ ಒಳ್ಳೆಯದಾಗಲಿ ಎಂದು ಹರಸುತ್ತಾರೆ. ಇದಕ್ಕೆ ಮೇರಾ ಎನ್ನುತ್ತಾರೆ. ಹರಸಿಕೊಂಡವರು ದುಡ್ಡು ಹಾಕಬೇಕು, ಅದು ಪದ್ಧತಿ. ಮರುದಿನ ಹುಡುಗಿಯರು ಗುಡ್ಡಕ್ಕೆ ಹೋಗಿ ಹೂ ತರುತ್ತಾರೆ. ಇದೇ ವರ್ಷ ಮದುವೆ ಗೊತ್ತಾದವರಿಗೆ ತವರಿನಲ್ಲಿ ಇದು ಕೊನೆಯ ಮೇರಾ. ಹಾಡುತ್ತ ಹಾಡುತ್ತ ಅಳು ಬರುವುದೂ ಉಂಟು.

ಫೋಟೋಗ್ರಾಫರ ಮೊದಲ ತೊಂದರೆ ಬಟ್ಟೆಯದು. ಕನ್ನಡಿ ಹಚ್ಚಿದ ಫೇಟಿಯಾ, ಕಾಂಚಳಿ, ತೋಳಿನ ತುಂಬ ಬಳೆ, ಇವನ್ನು ದಿನವೂ ಉಡುವವರು ಅಜ್ಜಿಯರು ಮಾತ್ರ. ನರ್ಸಿಂಗ್ ಓದುವ, ಬಿ.ಇಡಿ ಮಾಡುವ ಮೊಮ್ಮಕ್ಕಳು ಹಬ್ಬಕ್ಕೆಂದು ಮುಂಡರಗಿ ಪೇಟೆಯಿಂದ ಹೊಸ ಚೂಡಿದಾರ ತಂದಿರುತ್ತಾರೆ. ಹಬ್ಬಕ್ಕೆ ಹೊಸ ಬಟ್ಟೆ ತೊಡುವುದು ಬೆಂಗಳೂರಿನಲ್ಲಿ ಸಂಪ್ರದಾಯ, ತಾಂಡಾದಲ್ಲಿ ಸಂಪ್ರದಾಯ ಭಂಗ. “ಅಜ್ಜಿದು ಒಂದ್ ಸೆಟ್ ಹಾಕ್ಕೊಂಡ್ ಬಾಮ್ಮ” ಎಂದು ಒಬ್ಬರು ಹುಡುಗಿಗೆ ಹೇಳಿದ್ದನ್ನು ಕೇಳಿದ್ದೇನೆ. ಆಕೆ ಸಣ್ಣ ದನಿಯಲ್ಲಿ ಕೇಳಿದಳು: “ಸರ್, ನೀವೂ ನಿಮ್ಮ ಅಜ್ಜಾರ ಕಚ್ಚಿ ಹಾಕ್ಕೊಂಡ ಬಂದೀರೇನ್ರಿ?” ಸರ್ ಲೆನ್ಸು ಬದಲಾಯಿಸುವ ಕೆಲಸದಲ್ಲಿ ಮಗ್ನರಾದರು.

ಎರಡನೆಯದನ್ನು ನೆನೆದರೆ ನಗು ಬರುವುದಿಲ್ಲ. ಹುಡುಗಿಯರು ಅತಿಥಿಗಳು ಬಂದಿದ್ದಾರೆಂದು ಅವರ ಮುಂದೆಯೂ ದೀಪ ಹಿಡಿದು ಹಾಡುತ್ತಾರೆ. ದೀಪದ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದಿರುತ್ತದೆ, ಹಿಂದೆಲ್ಲ ಕತ್ತಲು. ಇಂಥ ಬೆಳಕಿಗೇ ಇಷ್ಟು ದೂರ ಬಂದವರು. ಪಟಪಟ ಹೊಡೆಯುತ್ತಾರೆ, ಹಿಂದಿನ ಪರದೆಯಲ್ಲಿ ನೋಡಿಕೊಂಡು ‘ವಾವ್’ ಎನ್ನುತ್ತಾರೆ, ಮುಂದಿನ ಮನೆಯ ಕಡೆ ಓಡುತ್ತಾರೆ. ತಮ್ಮನ್ನು ಈಗಷ್ಟೇ ಯಾರೋ ಹರಸಿದರು ಎಂಬುದು ಅವರಿಗೆ ಗೊತ್ತೇ ಆಗುವುದಿಲ್ಲ. ದುಡ್ಡು ಹಾಕುವ ಜಾಗದ ಮೇಲೆ ಫೋಕಸ್ ಇರಲಿಲ್ಲವಲ್ಲ. ಸಂಸ್ಕೃತಿ ಹುಡುಕಿ ಬಂದವರಿಗೆ ಅದು ಎದುರಿಗೇ ನಿಂತು ಹತ್ತು ರೂಪಾಯಿ ಕೇಳಿದಾಗ ಗುರುತು ಸಿಗಲಿಲ್ಲ.

ಹಾಗಾದರೆ ನಮ್ಮ ಮಂದಿಗೆ ಫೋಟೋ ಬೇಡವೇ? ಯಾರು ಹೇಳಿದರು? ಜಾತ್ರೆಯಲ್ಲಿ ರಟ್ಟಿನ ವಿಮಾನದೊಳಗೆ ತಲೆ ತೂರಿಸಿ, ಬಣ್ಣದ ಚಂದ್ರನ ಮೇಲೆ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಫೋಟೋ ಹೊಡೆಸಿಕೊಂಡ ತಲೆಮಾರು ಇನ್ನೂ ಇದೆ. ಪೇಟೆಯ ಸ್ಟುಡಿಯೋದಲ್ಲಿ ತಾಜಮಹಲಿನ ಪರದೆ ಇತ್ತು, ಸ್ವಿಟ್ಜರ್ಲೆಂಡಿನ ಪರದೆ ಇತ್ತು. ಹೊಲದಿಂದ ಬಂದವನು ಅಲ್ಲಿದ್ದ ಕೋಟು ತೊಟ್ಟು, ಬಾಚಣಿಗೆಯಿಂದ ಕ್ರಾಪು ತೆಗೆದು, ಕೈಗೆ ವಾಚು ಕಟ್ಟಿ ಕೂರುತ್ತಿದ್ದ. ಅದೂ ಸುಳ್ಳೇ, ಏರ್ಪಾಡೇ. ಆದರೆ ಸುಳ್ಳು ಅವನದು. ತಾನು ಹೇಗೆ ಕಾಣಬೇಕು ಎಂದು ಅವನೇ ನಿಶ್ಚಯಿಸಿ, ದುಡ್ಡು ಎಣಿಸಿ ಕೊಟ್ಟು, ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದ ಸುಳ್ಳು. ಸ್ಟುಡಿಯೋದವನು “ಸ್ವಲ್ಪ ನಗ್ರಿ” ಎನ್ನುತ್ತಿದ್ದ.

ಕಾನೂನೂ ಇದನ್ನು ಬಲ್ಲದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ನೀವು ದುಡ್ಡು ಕೊಟ್ಟು ನಿಮ್ಮ ಫೋಟೋ ತೆಗೆಸಿಕೊಂಡರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಅದರ ಮೊದಲ ಒಡೆಯರು ನೀವೇ. ದಾರಿಹೋಕನೊಬ್ಬ ಬಿಟ್ಟಿಯಾಗಿ ತೆಗೆದರೆ ಒಡೆಯ ಅವನು, ಬದುಕಿರುವಷ್ಟು ಕಾಲ, ಸತ್ತ ಮೇಲೂ ಅರವತ್ತು ವರ್ಷ ಅವನ ವಾರಸುದಾರರು. ಸ್ಟುಡಿಯೋಗೆ ಕಾಸು ಕೊಟ್ಟ ಅಜ್ಜಿ ತನ್ನ ಮುಖಕ್ಕೆ ತಾನೇ ಮಾಲಕಿ. ಕಟ್ಟೆಯ ಮೇಲೆ ಕೂತು ಚಹಾ ಕೊಟ್ಟ ಅಜ್ಜಿಗೆ ಅದೂ ಇಲ್ಲ.

ಅಜ್ಜಿಯ ಮುಖಕ್ಕೆ ಇನ್ನೊಬ್ಬ ಗಿರಾಕಿ ಇದ್ದಾನೆ, ಸರ್ಕಾರ. 2023ರ ಜನವರಿಯಿಂದ ಉದ್ಯೋಗ ಖಾತ್ರಿ ಕೆಲಸದಲ್ಲಿ ಎನ್‌ಎಂಎಂಎಸ್ ಎಂಬ ಆ್ಯಪಿನ ಹಾಜರಿ ಕಡ್ಡಾಯವಾಯಿತು. ಬದು ಹಾಕುವ ಹೊಲದಲ್ಲಿ ದಿನಕ್ಕೆ ಎರಡು ಸಲ ಫೋಟೋ. ಗುದ್ದಲಿ ಬುಟ್ಟಿ ಹಿಡಿದು ಸಾಲಾಗಿ ನಿಲ್ಲಬೇಕಿತ್ತು, ನೆಟ್‌ವರ್ಕ್ ಸಿಕ್ಕರೆ ಹಾಜರಿ, ಸಿಗದಿದ್ದರೆ ಮಾಡಿದ ಕೆಲಸಕ್ಕೂ ಗೈರು. ಅಲ್ಲೂ ಬುದ್ಧಿವಂತರಿದ್ದರು. ಹಳೆಯ ಫೋಟೋದ್ದೇ ಫೋಟೋ ತೆಗೆದು ಏರಿಸುತ್ತಿದ್ದಾರೆ, ಸಂಬಂಧವೇ ಇಲ್ಲದ ಚಿತ್ರ ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಏನೇ ಇರಲಿ, ಆ ಫೋಟೋದಲ್ಲಿ ಬೆಳಕು ಕೆಟ್ಟದ್ದು, ಫ್ರೇಮು ವಾರೆ, ಅರ್ಧ ಮಂದಿಯ ಕಣ್ಣು ಮುಚ್ಚಿರುತ್ತಿತ್ತು. ಯಾವ ಸಲೋನ್‌ಗೂ ಹೋಗುತ್ತಿರಲಿಲ್ಲ. ಆದರೆ ಜೊತೆಗೆ ಅಜ್ಜಿಯ ಹೆಸರು ಇರುತ್ತಿತ್ತು, ಸಾಲಿನಲ್ಲಿ ನಿಂತದ್ದಕ್ಕೆ 2025-26ರ ದರದಲ್ಲಿ ದಿನಕ್ಕೆ 370 ರೂಪಾಯಿ ಕೂಲಿಯೂ ಇತ್ತು. ಜಗತ್ತಿನ ಶ್ರೇಷ್ಠ ಫೋಟೋಗ್ರಾಫರೆಲ್ಲ ಸೇರಿ ಅವಳಿಗೆ ಕೊಡದಿದ್ದ ಎರಡನ್ನೂ ಹಾಜರಿ ಹಿಡಿಯುವ ಕಾಯಕ ಬಂಧುವಿನ ಅಗ್ಗದ ಮೊಬೈಲು ಕೊಟ್ಟಿತು.

ದೀಪಾವಳಿಗೆ ಬರುವ ಫೋಟೋಗ್ರಾಫರಲ್ಲಿ ವಿನಂತಿ: ಬರಬೇಡಿ ಎನ್ನುವುದಿಲ್ಲ, ಬನ್ನಿ, ನಮ್ಮವರು ಚಹಾ ಕೊಡದೆ ಕಳಿಸುವವರಲ್ಲ. ಮೊದಲು ಕೇಳಿ, ಆಮೇಲೆ ತೆಗೆಯಿರಿ. ಹೆಸರು ಬರೆದುಕೊಳ್ಳಿ, ಹೆಬ್ಬಾತಿನದು ಬರೆದುಕೊಂಡಷ್ಟೇ ಜಾಗ್ರತೆಯಿಂದ. ಒಂದು ಪ್ರಿಂಟು ಹಾಕಿಸಿ ತಾಂಡಾಕ್ಕೆ ಕಳಿಸಿ. ಮುದ್ರಣಕ್ಕೇ ಹೆಸರಾದ ಗದಗ ಇರುವುದು ಇಲ್ಲೇ ಪಕ್ಕದಲ್ಲಿ, ಬೆಂಗಳೂರಿನಿಂದ ಹೊತ್ತು ತರಬೇಕಾಗಿಲ್ಲ. ಹುಡುಗಿಯರು ದೀಪ ಹಿಡಿದು ಮುಂದೆ ನಿಂತಾಗ ಕ್ಯಾಮೆರಾ ಕೆಳಗಿಟ್ಟು ಕಿಸೆಗೆ ಕೈ ಹಾಕಿ. ಚಿಲ್ಲರೆ ಇಲ್ಲ ಎಂಬ ನೆಪ ನಡೆಯುವುದಿಲ್ಲ. ತಾಂಡಾದ ಕಿರಾಣಿ ಅಂಗಡಿಯ ಬಾಗಿಲಿಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಹೋದ ವರ್ಷ ಫ್ರೇಮು ಕೆಡುತ್ತದೆ ಎಂದು ನೀವು ಕಿತ್ತು ಪಕ್ಕಕ್ಕಿಟ್ಟಿದ್ದಿರಲ್ಲ, ಅದೇ.